ಮಧ್ಯಾಹ್ನದ ನಂತರ ನಿಲ್ಲುವ ಕೈ ನಡುಕ

ಪ್ರಶ್ನೆ: ಡಾಕ್ಟ್ರೇ, ನಾನು ಒಂದು ಸಣ್ಣ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಒಟ್ಟು 140 ಜನ ಇದ್ದೇವೆ. ಪ್ರೆಸ್ ವಿಭಾಗದಲ್ಲಿ ಒಬ್ಬ ಹಿರಿಯ ಆಪರೇಟರ್ ಇದ್ದಾರೆ, 19 ವರ್ಷದ ಸರ್ವಿಸ್. ನಾನು ಟ್ರೈನಿಯಾಗಿ ಸೇರಿದಾಗ ಕೆಲಸ ಕಲಿಸಿದವರೇ ಅವರು. ಒಂದು ವರ್ಷದಿಂದ ಕುಡಿತ ಜಾಸ್ತಿಯಾಗಿದೆ. ಸೋಮವಾರ ಬರುವುದೇ ಅಪರೂಪ. ಬಂದ ದಿನವೂ ಬೆಳಿಗ್ಗೆ ಕೈ ನಡುಗುತ್ತಿರುತ್ತದೆ, ಸುಮ್ನೆ ಬೆವರುತ್ತಾರೆ. ಊಟದ ಬಿಡುವು ಮುಗಿಸಿ ಬಂದ ಮೇಲೆ ಪೂರ್ತಿ ಸರಿಹೋಗುತ್ತಾರೆ, ಆಮೇಲೆ ಅವರಷ್ಟು ಚೆನ್ನಾಗಿ ಕೆಲಸ ಮಾಡುವವರು ಇನ್ನೊಬ್ಬರಿಲ್ಲ. ಕಳೆದ ತಿಂಗಳು, ಕೈ ಒಳಗೆ ಸಿಕ್ಕದಂತೆ ತಡೆಯುವ ಗಾರ್ಡ್ ತೆಗೆದಿಟ್ಟು ಪ್ರೆಸ್ ಓಡಿಸುತ್ತಿದ್ದರು. ಪಕ್ಕದ ಹುಡುಗ ನೋಡಿ ಸ್ವಿಚ್ ಆಫ್ ಮಾಡಿದ. ಇದರ ಜೊತೆಗೆ ರಾತ್ರಿ ಶಿಫ್ಟ್‌ನ ಪ್ಯಾಕಿಂಗ್ ಹುಡುಗರು ನಿದ್ದೆ ಬರದಿರಲಿ ಅಂತ, ಮೈಕೈ ನೋವಿಗೆ ಅಂತ ಏನೇನೋ ಮಾತ್ರೆ ನುಂಗುತ್ತಾರೆ. ಕೆಲವರು ಗಾಂಜಾ ಸೇದುತ್ತಾರೆ ಅಂತಲೂ ಮಾತಿದೆ. ಹಿರಿಯರನ್ನು ಮನೆಗೆ ಕಳಿಸೋಣ, ಇಲ್ಲವೇ 'ನಾಳೆಯಿಂದ ಮುಟ್ಟಲ್ಲ' ಅಂತ ಮುಚ್ಚಳಿಕೆ ಬರೆಸಿಕೊಳ್ಳೋಣ, ಉಳಿದವರಿಗೆಲ್ಲ ಮೂತ್ರ ಪರೀಕ್ಷೆ ಮಾಡಿಸೋಣ ಅನ್ನುತ್ತಿದೆ ಮ್ಯಾನೇಜ್‌ಮೆಂಟ್. ನಾನೇನು ಮಾಡಲಿ? ನನಗೆ ಕೆಲಸ ಕಲಿಸಿದವರನ್ನು ಕೂರಿಸಿಕೊಂಡು ಇದನ್ನು ಹೇಗೆ ಕೇಳಲಿ?

ಉತ್ತರ: ನಿಮ್ಮ ಪತ್ರ ಓದುವಾಗ ನಾನು ನಿಂತದ್ದು ಗಾರ್ಡ್ ತೆಗೆದ ಸಾಲಿನ ಹತ್ತಿರ ಅಲ್ಲ. ಅದು ಗಂಭೀರವೇ, ಅದಕ್ಕೆ ಆಮೇಲೆ ಬರುತ್ತೇನೆ. ನಿಂತದ್ದು 'ಊಟದ ಬಿಡುವು ಮುಗಿಸಿ ಬಂದ ಮೇಲೆ ಪೂರ್ತಿ ಸರಿಹೋಗುತ್ತಾರೆ' ಅನ್ನುವಲ್ಲಿ. ನೀವು ಅದನ್ನು ಅವರ ಪರವಾಗಿ ಬರೆದಿದ್ದೀರಿ. ನನಗೆ ಓದಿ ಭಯವಾಯಿತು.

ಯಾಕೆ ಅಂತ ಹೇಳುತ್ತೇನೆ. ಮದ್ಯ ಮಿದುಳನ್ನು ಮಂದ ಮಾಡುವ ವಸ್ತು. ದಿನಾ ಜಾಸ್ತಿ ಕುಡಿಯುವವರ ಮಿದುಳು ಆ ಮಂದತನಕ್ಕೆ ಎದುರಾಗಿ ತನ್ನ ವೇಗವನ್ನು ಏರಿಸಿಕೊಂಡಿರುತ್ತದೆ. ಬ್ರೇಕ್ ಒತ್ತಿ ಹಿಡಿದುಕೊಂಡೇ ಆಕ್ಸಿಲರೇಟರ್ ತುಳಿದ ಹಾಗೆ. ಮದ್ಯ ಇಳಿಯಿತು ಅಂದರೆ ಬ್ರೇಕ್ ಬಿಟ್ಟ ಹಾಗೆ, ಆದರೆ ಆಕ್ಸಿಲರೇಟರ್ ಮೇಲಿನ ಕಾಲು ಹಾಗೇ ಇರುತ್ತದೆ. ಆಗ ಕೈ ನಡುಗುತ್ತದೆ, ಬೆವರು ಹರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಕೊನೆಯ ಗುಟುಕು ಕುಡಿದ 6ರಿಂದ 24 ಗಂಟೆಯೊಳಗೆ ಇದು ಶುರು. ಮತ್ತೆ ಸ್ವಲ್ಪ ಕುಡಿದರೆ ಸ್ವಲ್ಪ ಹೊತ್ತಿನಲ್ಲೇ ಎಲ್ಲ ತಣ್ಣಗಾಗುತ್ತದೆ. ನಿಮ್ಮ ಹಿರಿಯರಿಗೆ ಊಟದ ಬಿಡುವಿನಲ್ಲಿ ಆಗುತ್ತಿರುವುದು ಬಹುಶಃ ಇದೇ. ಮಜಾ ಮಾಡಲು ಕುಡಿಯುವ ಹಂತ ದಾಟಿ, ನಡುಕ ನಿಲ್ಲಿಸಿಕೊಳ್ಳಲು ಕುಡಿಯುವ ಹಂತಕ್ಕೆ ಬಂದಿದ್ದಾರೆ ಅಂತ ಕಾಣುತ್ತದೆ.

'ಬಹುಶಃ' ಅಂದದ್ದಕ್ಕೂ ಕಾರಣ ಇದೆ. ವಂಶದಲ್ಲೇ ಬರುವ ಒಂದು ಬಗೆಯ ಕೈ ನಡುಕ ಇದೆ, ಅದೂ ಒಂದು ಪೆಗ್ ಹಾಕಿದರೆ ಕಡಿಮೆಯಾಗುತ್ತದೆ. ಥೈರಾಯ್ಡ್ ಜಾಸ್ತಿಯಾದರೂ ಕೈ ನಡುಗಿ ಬೆವರುತ್ತಾರೆ. ಹಾಗಾಗಿ ರೋಗದ ಹೆಸರು ಹೇಳುವ ಕೆಲಸ ನಿಮ್ಮದೂ ಅಲ್ಲ, ಪತ್ರ ಓದಿದ ನನ್ನದೂ ಅಲ್ಲ. ಎದುರು ಕೂರಿಸಿಕೊಂಡು ನೋಡುವ ವೈದ್ಯರದ್ದು.

ಆದರೆ ನನ್ನ ಊಹೆ ಸರಿಯಿದ್ದರೆ, ಮ್ಯಾನೇಜ್‌ಮೆಂಟ್ ಹೇಳಿದ ಮುಚ್ಚಳಿಕೆಯೇ ಎಲ್ಲಕ್ಕಿಂತ ಅಪಾಯದ ದಾರಿ. ಈ ಹಂತದಲ್ಲಿರುವವರು ಒಂದೇ ಸಲಕ್ಕೆ ಕುಡಿತ ನಿಲ್ಲಿಸಿದರೆ, ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇನ್ನೊಂದು ಸ್ಥಿತಿ ಬರುತ್ತದೆ. ಎಲ್ಲಿದ್ದೇನೆ ಅಂತ ಗೊತ್ತಾಗುವುದಿಲ್ಲ, ಗೋಡೆ ಮೇಲೆ ಹುಳ ಹರಿದ ಹಾಗೆ ಕಾಣುತ್ತದೆ, ಜ್ವರ ಏರುತ್ತದೆ, ರಾತ್ರಿಯಿಡೀ ಇಲ್ಲದ ಮೆಷಿನ್ ಓಡಿಸುತ್ತಿರುತ್ತಾರೆ. ವೈದ್ಯರು ಇದಕ್ಕೆ ಡಿಲೀರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಹೆರಾಯಿನ್ ಬಿಟ್ಟವರು ನರಳುವುದು ನೋಡಿ ಜನ ಹೆದರುತ್ತಾರೆ, ಆದರೆ ಹಠಾತ್ತನೆ ಬಿಟ್ಟಾಗ ಕೊಲ್ಲುವ ವಿಷಯದಲ್ಲಿ ಮದ್ಯ ಮತ್ತು ನಿದ್ದೆಮಾತ್ರೆಗಳೇ ಮುಂದೆ.

ಇದನ್ನು ನಾನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಾರ್ಖಾನೆಗೆ ವಾರಕ್ಕೆರಡು ಸಲ ಹೋಗುತ್ತಿದ್ದೆ. ಒಬ್ಬ ವೆಲ್ಡರ್ ಕುಡಿದು ಬಂದಿದ್ದಾನೆ ಅಂತ ನನ್ನ ಮುಂದೆ ನಿಲ್ಲಿಸಿದರು. 15 ದಿನ ಸಸ್ಪೆಂಡ್, ಬಿಟ್ಟು ಬಂದರೆ ಮಾತ್ರ ಕೆಲಸ. ಆ ಕಾಗದಕ್ಕೆ ನಾನೂ ಸಹಿ ಹಾಕಿದೆ. ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅಂದುಕೊಂಡೆ. ಆತ ಮಾತಿಗೆ ತಪ್ಪಲಿಲ್ಲ, ಮನೆಗೆ ಹೋಗಿ ಪೂರ್ತಿ ನಿಲ್ಲಿಸಿದ. ಮಾರನೆಯ ರಾತ್ರಿ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದ. ತಲೆಗೆ 11 ಹೊಲಿಗೆ. ಬದುಕಿದ. ಆಸ್ಪತ್ರೆಯಲ್ಲಿ ಆತನ ಹೆಂಡತಿ ನನ್ನನ್ನು ಕೇಳಿದ್ದು ಒಂದೇ ಮಾತು: 'ಬಿಡು ಅಂದ್ರಲ್ಲ ಸಾರ್, ಹೆಂಗೆ ಬಿಡಬೇಕು ಅಂತ ಯಾಕೆ ಹೇಳ್ಲಿಲ್ಲ?' ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ.

ಈಗ ನಿಮ್ಮ ವಿಷಯ. ಇದರಲ್ಲಿ ಎರಡು ಪ್ರಶ್ನೆ ಕಲಸಿಕೊಂಡಿವೆ, ಅವನ್ನು ಬಿಡಿಸಿ. ನಾಳೆ ಬೆಳಿಗ್ಗೆ ಅವರು ಪ್ರೆಸ್ ಮುಂದೆ ನಿಲ್ಲಬೇಕೇ ಅನ್ನುವುದು ಒಂದು. ಅವರ ಕುಡಿತಕ್ಕೆ ಏನು ಮಾಡಬೇಕು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಇವತ್ತೇ ಕೊಡಬೇಕು, ಅದು 'ನಿಲ್ಲಬಾರದು'. ಎರಡನೆಯದಕ್ಕೆ ತಿಂಗಳುಗಳು ಬೇಕು, ಅದನ್ನು ನೀವೊಬ್ಬರೇ ಹೊರಬೇಕಿಲ್ಲ. ಹೆಚ್ಚಿನ ಕಡೆ ಇದನ್ನು ಉಲ್ಟಾ ಮಾಡುತ್ತಾರೆ. ಮೆಷಿನ್ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ, ಆಮೇಲೆ ಒಂದೇ ದಿನದಲ್ಲಿ ಕೆಲಸದಿಂದ ತೆಗೆಯುತ್ತಾರೆ.

ಬೆಳಿಗ್ಗೆ ನಡುಗುವ ಕೈಯೂ ಪ್ರೆಸ್‌ಗೆ ಆಗದು, ಮಧ್ಯಾಹ್ನ ಕುಡಿದು ನಿಂತ ಕೈಯೂ ಆಗದು. ರೂಢಿಯಾದವರು ನೋಡಲು ಚೆನ್ನಾಗಿಯೇ ಕಾಣುತ್ತಾರೆ, ನಡಿಗೆ ನೆಟ್ಟಗಿರುತ್ತದೆ, ಮಾತು ತೊದಲುವುದಿಲ್ಲ. ಆದರೆ ಅನಿರೀಕ್ಷಿತವಾಗಿ ಏನಾದರೂ ಆದಾಗ ಕೈ ಹಿಂದೆಗೆಯುವ ವೇಗ, 'ಗಾರ್ಡ್ ಇಲ್ಲದಿದ್ದರೂ ನಡೆಯುತ್ತೆ ಬಿಡು' ಅನ್ನುವ ಲೆಕ್ಕಾಚಾರ, ಅಲ್ಲಿ ಮದ್ಯ ತನ್ನ ಕೆಲಸ ಮಾಡಿರುತ್ತದೆ. ಅವರನ್ನು ಸದ್ಯಕ್ಕೆ ಓಡುವ ಯಂತ್ರ, ಎತ್ತರ, ವಾಹನ, ಬಿಸಿ, ಆಸಿಡ್ ಇವುಗಳಿಂದ ದೂರ ಇರುವ ಕೆಲಸಕ್ಕೆ ಹಾಕಿ. ಸಂಬಳ ಕಡಿಮೆ ಮಾಡದೆ ಹಾಕಿದರೆ ಮಾತುಕತೆ ಸುಲಭ.

'ರಾತ್ರಿ ಮಾತ್ರ ಕುಡಿಯುತ್ತಾರೆ, ಡ್ಯೂಟಿಯಲ್ಲಿ ಮುಟ್ಟಲ್ಲ' ಅನ್ನುವವರೂ ನಿಮ್ಮಲ್ಲಿ ಇರುತ್ತಾರೆ. ಅವರಿಗೊಂದು ಲೆಕ್ಕ. ದೇಹ ಮದ್ಯವನ್ನು ಕರಗಿಸುವುದು ಸುಮಾರಾಗಿ ಗಂಟೆಗೆ, 100 ಮಿಲಿಲೀಟರ್ ರಕ್ತದಲ್ಲಿ 15 ಮಿಲಿಗ್ರಾಂನಷ್ಟು. ರಾತ್ರಿ 12ಕ್ಕೆ ಗ್ಲಾಸ್ ಕೆಳಗಿಟ್ಟಾಗ 150 ಇದ್ದರೆ, ಬೆಳಿಗ್ಗೆ 6ರ ಶಿಫ್ಟ್‌ಗೆ ಪಂಚ್ ಮಾಡುವಾಗ ಇನ್ನೂ 60 ಉಳಿದಿರುತ್ತದೆ. ಎಷ್ಟೋ ದೇಶಗಳಲ್ಲಿ ವಾಹನ ಓಡಿಸಲು ಮಿತಿಯೇ 50. ತಣ್ಣೀರು ಸ್ನಾನ, ಸ್ಟ್ರಾಂಗ್ ಕಾಫಿ, ನಿಂಬೆಹಣ್ಣು ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಕಾಫಿ ಕುಡಿದರೆ ಎಚ್ಚರವಿರುವ ಕುಡುಕ ಸಿಗುತ್ತಾನೆ, ಅಷ್ಟೆ.

ಕೆಲಸದ ಜಾಗದಲ್ಲೇ ಯಾರಾದರೂ ತೂರಾಡುತ್ತಿದ್ದರೆ ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅಲ್ಲೇ ನಿಂತು ಜಗಳ ಬೇಡ, ಉಪದೇಶವಂತೂ ಬೇಡವೇ ಬೇಡ. ಇನ್ನೊಬ್ಬರನ್ನು ಸಾಕ್ಷಿಗೆ ಜೊತೆ ಕರೆದುಕೊಂಡು, ಮೆಷಿನ್ ನಿಲ್ಲಿಸಿ, ಬೇರೆ ಕೋಣೆಗೆ ಕರೆದೊಯ್ಯಿರಿ. 'ಕುಡಿದಿದ್ದಾನೆ' ಅಂತ ಘೋಷಿಸಬೇಡಿ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದರೆ ಹೀಗೇ ತೂರಾಡುತ್ತಾರೆ, ಸಿಟ್ಟಾಗುತ್ತಾರೆ. ಅದೇ ಸಕ್ಕರೆ ವಿಪರೀತ ಏರಿದರೆ ಉಸಿರಿಗೆ ಹಣ್ಣಿನಂಥ ವಾಸನೆ ಬರುತ್ತದೆ. ಲಕ್ವ ಹೊಡೆದಾಗ, ತಲೆಗೆ ಪೆಟ್ಟು ಬಿದ್ದಾಗ ಮಾತು ತೊದಲುತ್ತದೆ. ಕುಡಿದಿದ್ದಾನೆ ಅಂತ ಗೇಟಿನಾಚೆ ಕೂರಿಸಿದ್ದ ಒಬ್ಬ ಸ್ಟೋರ್ ಕೀಪರ್‌ನ ಸಕ್ಕರೆ ಅಳೆದಾಗ ತೀರಾ ಕಡಿಮೆ, 38 ಬಂದದ್ದನ್ನು ನಾನೇ ನೋಡಿದ್ದೇನೆ. ನಿಜವಾಗಿ ಕುಡಿದಿದ್ದರೂ ಬೈಕ್ ಕೀ ಕೊಟ್ಟು ಮನೆಗೆ ಕಳಿಸಬೇಡಿ, ಜೊತೆಗೊಬ್ಬರನ್ನು ಕಳಿಸಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ ಮಗ್ಗುಲಾಗಿ ಮಲಗಿಸಿ, ಆಂಬುಲೆನ್ಸ್ ಕರೆಯಿರಿ. 'ಮಲಗಿ ಎದ್ದರೆ ಇಳಿಯುತ್ತೆ' ಅಂತ ಬಾಗಿಲು ಹಾಕಿಕೊಂಡು ಬರಬೇಡಿ. ವಿಚಾರಣೆ ನಾಳೆಗಿರಲಿ.

ಇನ್ನು ಆ ಕಷ್ಟದ ಮಾತುಕತೆ. ಅದಕ್ಕೂ ಮುಂಚೆ ನಿಮಗೆ ಸ್ವಲ್ಪ ಕಹಿಯಾದ ಒಂದು ಮಾತು. ಒಂದು ವರ್ಷದಿಂದ ಅವರು ಹೀಗಿದ್ದಾರೆ ಅಂದಿರಿ. ಆ ವರ್ಷದಲ್ಲಿ ಅವರ ಸೋಮವಾರಗಳನ್ನು ಹಾಜರಿ ಪುಸ್ತಕದಲ್ಲಿ ಯಾರೋ ಸರಿ ಮಾಡಿದ್ದಾರೆ, ಅವರ ಬೆಳಗಿನ ಕೆಲಸವನ್ನು ಯಾರೋ ಮುಗಿಸಿಕೊಟ್ಟಿದ್ದಾರೆ. ಅವರಲ್ಲಿ ನೀವೂ ಒಬ್ಬರು, ಅಲ್ವಾ? ತಪ್ಪು ಹೊರಿಸಲು ಹೇಳುತ್ತಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಎಲ್ಲರೂ ಮುಚ್ಚುತ್ತಾರೆ. ಆದರೆ ಹಾಗೆ ಮುಚ್ಚಿದಷ್ಟು ದಿನವೂ ಅವರಿಗೆ 'ನನ್ನಿಂದ ಯಾರಿಗೂ ತೊಂದರೆ ಆಗಿಲ್ಲ' ಅಂತ ನಂಬಲು ಅವಕಾಶ ಸಿಕ್ಕಿದೆ. ಇವತ್ತಿನಿಂದ ಮುಚ್ಚುವುದು ನಿಲ್ಲಲಿ. ಯಾವ ದಿನ ಬಂದಿಲ್ಲ, ಯಾವ ಗಂಟೆಗೆ ಏನಾಯಿತು, ಎದುರಿಗೆ ಯಾರಿದ್ದರು, ಇಷ್ಟನ್ನೇ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. 'ಕುಡಿದಂತೆ ಕಾಣುತ್ತಿದ್ದರು' ಅಂತ ಬರೆಯಬೇಡಿ, 'ಬೆಳಿಗ್ಗೆ 7.20, ಅಳತೆಯ ಗೇಜ್ ಹಿಡಿಯಲು ಎರಡು ಸಲ ಆಗಲಿಲ್ಲ, ಕೈ ನಡುಗುತ್ತಿತ್ತು' ಅಂತ ಬರೆಯಿರಿ.

ಕೂತಾಗ ಮಾತು ಕೆಲಸದ ಮೇಲಿರಲಿ, ಕುಡಿತದ ಮೇಲಲ್ಲ. 'ಎಷ್ಟು ಕುಡೀತೀರಾ' ಅಂತ ಕೇಳಿದ ಕ್ಷಣ ನೀವು ಸೋತಿರಿ. ಅವರು ಕಡಿಮೆ ಹೇಳುತ್ತಾರೆ, ನೀವು ಜಾಸ್ತಿ ಅನ್ನುತ್ತೀರಿ, ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ. ತಾರೀಖಿನ ಬಗ್ಗೆ ವಾದ ಮಾಡಲು ಆಗುವುದಿಲ್ಲ. ನಾನಾಗಿದ್ದರೆ ಸುಮಾರು ಹೀಗೆ ಹೇಳುತ್ತಿದ್ದೆ:

'ಅಣ್ಣಾ, ಕೂತ್ಕೊಳ್ಳಿ. ಮೂರು ತಿಂಗಳಲ್ಲಿ ಏಳು ಸೋಮವಾರ ನೀವು ಬಂದಿಲ್ಲ. ಹೋದ ತಿಂಗಳು ಗಾರ್ಡ್ ಇಲ್ಲದೆ ಪ್ರೆಸ್ ಓಡಿಸಿದ್ರಿ. ಬೆಳಿಗ್ಗೆ ನಿಮ್ಮ ಕೈ ನಡುಗೋದನ್ನ ನಾನೇ ನೋಡಿದ್ದೀನಿ. ಹೀಗಿರುವಾಗ ನಿಮ್ಮನ್ನ ಮೆಷಿನ್ ಮೇಲೆ ಬಿಡೋಕೆ ನನ್ನಿಂದ ಆಗಲ್ಲ. ಯಾಕೆ ಹೀಗೆ ಅಂತ ನಾನು ಕೇಳಲ್ಲ, ಅದನ್ನ ಡಾಕ್ಟ್ರು ನೋಡಲಿ. ನಾಳೆ 10 ಗಂಟೆಗೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ. ನಿಮ್ಮ ಕೆಲಸ ಎಲ್ಲೂ ಹೋಗಲ್ಲ. ಆದ್ರೆ ಡಾಕ್ಟ್ರು ಸರಿ ಇದೆ ಅನ್ನೋವರೆಗೂ ಪ್ರೆಸ್‌ಗೆ ಮಾತ್ರ ಬರೋ ಹಾಗಿಲ್ಲ.'

ಇಷ್ಟು ಹೇಳಿ ಸುಮ್ಮನಾಗಿ. ಆ ಮೌನ ತುಂಬಾ ಕಷ್ಟ, ಏನಾದರೂ ಹೇಳಿ ತುಂಬಿಸೋಣ ಅನಿಸುತ್ತದೆ. ತುಂಬಿಸಬೇಡಿ. ಅವರು ಸಿಟ್ಟಾಗಬಹುದು. 'ನನ್ನ ದುಡ್ಡು, ನಾನು ಕುಡೀತೀನಿ' ಅನ್ನಬಹುದು. 'ಮನೇಲಿ ಏನು ಮಾಡ್ತೀರೋ ಅದು ನಿಮಗೆ ಬಿಟ್ಟಿದ್ದು ಅಣ್ಣಾ, ನಾನು ಪ್ರೆಸ್ ಬಗ್ಗೆ ಮಾತಾಡ್ತಿದ್ದೀನಿ' ಅನ್ನಿ. 'ನಿಂಗೆ ಕೆಲಸ ಕಲಿಸಿದ್ದು ನಾನು' ಅಂತಲೂ ಅನ್ನಬಹುದು. ಹೌದು ಅನ್ನಿ. ಗಾರ್ಡ್ ಇಲ್ಲದೆ ಕೈ ಇಡಬೇಡ ಅಂತ ಕಲಿಸಿದವರೂ ಅವರೇ ಇರಬೇಕಲ್ಲ, ಅದನ್ನೂ ಹೇಳಿ. 'ರಾಜೀನಾಮೆ ಬರೆದುಕೊಡ್ತೀನಿ' ಅಂದರೆ ಆ ದಿನ ತೆಗೆದುಕೊಳ್ಳಬೇಡಿ.

ಇಲ್ಲಿ ಒಂದು ಬಲ ನಿಮ್ಮ ಕೈಯಲ್ಲಿದೆ, ಅದು ಅವರ ಹೆಂಡತಿ ಮಕ್ಕಳ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇಲ್ಲ. ಕೆಲಸ. ಮನೆಯವರು ಬಿಟ್ಟುಹೋದರೂ ಎಷ್ಟೋ ಜನ ಕುಡಿತ ಬಿಡುವುದಿಲ್ಲ, ಆದರೆ 19 ವರ್ಷದ ಕೆಲಸ ಹೋಗುತ್ತದೆ ಅಂದಾಗ ವೈದ್ಯರ ಬಾಗಿಲಿಗೆ ಬರುತ್ತಾರೆ. ಕೆಲಸದಿಂದ ತೆಗೆದ ದಿನ ಆ ಬಲವನ್ನು ನೀವೇ ಕಿತ್ತೆಸೆದ ಹಾಗೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಕೆಲಸದ ಜಾಗದ ಮದ್ಯ, ಮಾದಕ ವಸ್ತು ಸಮಸ್ಯೆಗಳ ಬಗ್ಗೆ ಒಂದು ಸಂಹಿತೆ ತಂದಿತು. ಇದನ್ನು ಆರೋಗ್ಯದ ಸಮಸ್ಯೆಯಾಗಿ ನೋಡಿ, ಬೇರೆ ಕಾಯಿಲೆಯವರಿಗೆ ಇರುವ ಸೌಲಭ್ಯ ಇವರಿಗೂ ಕೊಡಿ, ಕೆಲಸ ಇದ್ದರೆ ಚೇತರಿಕೆ ಸುಲಭ ಅನ್ನುವುದೇ ಅದರ ತಿರುಳು. ಶಿಸ್ತು ಕ್ರಮ ಕೈಗೊಳ್ಳುವ ಹಕ್ಕನ್ನು ಅದು ಮಾಲೀಕರಿಂದ ಕಿತ್ತುಕೊಂಡಿಲ್ಲ, ಆದರೆ ಮೊದಲು ಚಿಕಿತ್ಸೆಯ ದಾರಿ ತೋರಿಸಿ ಅನ್ನುತ್ತದೆ. ನಿಮ್ಮ ಮ್ಯಾನೇಜ್‌ಮೆಂಟ್‌ಗೆ ಕರುಣೆಯ ಮಾತು ಹಿಡಿಸದಿದ್ದರೆ ಲೆಕ್ಕದ ಮಾತು ಹೇಳಿ. ಪ್ರೆಸ್‌ನ ಒಳಗು ಹೊರಗು ಬಲ್ಲ ಇನ್ನೊಬ್ಬ ಆಪರೇಟರ್‌ನನ್ನು ತಯಾರು ಮಾಡಲು ಎಷ್ಟು ವರ್ಷ ಬೇಕು ಅಂತ ಅವರನ್ನೇ ಕೇಳಿ. ಯಾವುದೇ ಕ್ರಮಕ್ಕೆ ಮುಂಚೆ ನಿಮ್ಮಲ್ಲಿನ ಕಾರ್ಮಿಕ ಕಾನೂನು ಬಲ್ಲವರನ್ನು ಒಮ್ಮೆ ಕೇಳಿಬಿಡಿ. ದೇಶದಿಂದ ದೇಶಕ್ಕೆ ಅದು ಬೇರೆ.

ಚಿಕಿತ್ಸೆ ಹೇಗಿರುತ್ತದೆ ಅಂತ ಗೊತ್ತಿದ್ದರೆ ನಿಮಗೂ ಧೈರ್ಯ ಬರುತ್ತದೆ. ಮೊದಲ ವಾರ ಆಸ್ಪತ್ರೆಯಲ್ಲಿ, ನಡುಕ ಮತ್ತು ಫಿಟ್ಸ್ ತಡೆಯುವ ಮಾತ್ರೆಗಳನ್ನು ಮೊದಲು ಜಾಸ್ತಿ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ, ಜೊತೆಗೆ ಬಿ1 ವಿಟಮಿನ್. ಆ ಮಾತ್ರೆಗಳು ನಿದ್ದೆ ಬರಿಸುವಂಥವು, ಅವು ನಿಲ್ಲುವ ತನಕ ಮೆಷಿನ್ ಬೇಡ. ಆಮೇಲೆ ಕುಡಿಯುವ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿಗಳಿವೆ, ಆಪ್ತಸಮಾಲೋಚನೆ ಇದೆ, ಕುಡಿತ ಬಿಟ್ಟವರೇ ಸೇರಿ ನಡೆಸುವ ಗುಂಪುಗಳಿವೆ. ಡೈಸಲ್ಫಿರಾಂ ಅಂತ ಇನ್ನೊಂದು ಮಾತ್ರೆ ಇದೆ. ಅದರ ಮೂಲ ಕಾರ್ಖಾನೆಯಲ್ಲೇ ಇದೆ ಅನ್ನುವುದು ನನಗೆ ಇಷ್ಟದ ಕಥೆ. ಆ ಜಾತಿಯ ರಾಸಾಯನಿಕಗಳನ್ನು ರಬ್ಬರ್ ಗಟ್ಟಿ ಮಾಡಲು ಬಳಸುತ್ತಿದ್ದರು. ಅಲ್ಲಿನ ಕೆಲಸಗಾರರಿಗೆ ಸಂಜೆ ಒಂದು ಗ್ಲಾಸ್ ಕುಡಿದರೂ ಮುಖ ಕೆಂಪಾಗಿ ವಾಂತಿ ಬರುವುದನ್ನು 1937ರಲ್ಲಿ ಅಮೆರಿಕದ ಒಬ್ಬ ಕಾರ್ಖಾನೆ ವೈದ್ಯರು ಗಮನಿಸಿ ಬರೆದರು. ಔಷಧಿಯಾಗಿ ಅದು ಬಂದದ್ದು ಮುಂದಿನ ದಶಕದಲ್ಲಿ, ಡೆನ್ಮಾರ್ಕ್‌ನಲ್ಲಿ. ಕಥೆ ಚೆನ್ನಾಗಿದೆ, ಆದರೆ ಎಚ್ಚರ ಬೇಕು. ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಇದನ್ನು ಬೆರೆಸಿ ಕೊಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಗೊತ್ತಿಲ್ಲದೆ ಕುಡಿದರೆ ಬಿಪಿ ಕುಸಿಯುತ್ತದೆ, ಹೃದಯ ಸರಿಯಿಲ್ಲದವರು ಸಾಯಲೂಬಹುದು. ನುಂಗುವವರಿಗೆ ಗೊತ್ತಿದ್ದು, ಒಪ್ಪಿ, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಳ್ಳುವ ಮಾತ್ರೆ ಅದು.

ವೈದ್ಯರಿಂದ ನಿಮಗೆ ಬರಬೇಕಾದ ಕಾಗದದಲ್ಲಿ ಮೂರರಲ್ಲಿ ಒಂದು ಮಾತು ಇದ್ದರೆ ಸಾಕು: ಕೆಲಸಕ್ಕೆ ಯೋಗ್ಯ, ಯೋಗ್ಯರಲ್ಲ, ಇಂತಿಂಥ ಷರತ್ತಿನ ಮೇಲೆ ಯೋಗ್ಯ. ಎಷ್ಟು ಕುಡಿಯುತ್ತಿದ್ದರು, ಲಿವರ್ ಹೇಗಿದೆ, ಮನೆಯಲ್ಲಿ ಏನು ಜಗಳ, ಇವು ನಿಮಗೆ ಬೇಡ. ಕೇಳಲೂಬೇಡಿ. ಒಬ್ಬರ ಗುಟ್ಟು ಹೊರಗೆ ಬಿದ್ದರೆ ಇನ್ನೊಬ್ಬರು ಸಹಾಯ ಕೇಳಿಕೊಂಡು ಬರುವುದು ಅಲ್ಲಿಗೆ ಮುಗಿಯಿತು.

ವಾಪಸ್ ಬಂದ ಮೇಲೆ ಮತ್ತೆ ಒಂದು ಸಲ ಜಾರಬಹುದು. ಇದನ್ನು ಮೊದಲೇ ಮ್ಯಾನೇಜ್‌ಮೆಂಟ್‌ಗೆ ಹೇಳಿಟ್ಟಿರಿ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2000ದಲ್ಲಿ ಬಂದ ಒಂದು ಹೆಸರಾಂತ ಲೇಖನ ಚಟದ ಕಾಯಿಲೆಯನ್ನು ಬಿಪಿ, ಅಸ್ತಮಾ, ಸಕ್ಕರೆ ಕಾಯಿಲೆಗಳ ಪಕ್ಕ ಇಟ್ಟು ನೋಡಿತು. ಚಟ ಮರುಕಳಿಸುವುದು 40ರಿಂದ 60% ಜನರಲ್ಲಿ. ಬಿಪಿ, ಅಸ್ತಮಾ ಹತೋಟಿ ತಪ್ಪುವುದು ಅದಕ್ಕಿಂತ ಕಡಿಮೆ ಏನಲ್ಲ. ಬಿಪಿ ಏರಿದವರಿಗೆ ಯಾರೂ ಮೆಮೋ ಕೊಡುವುದಿಲ್ಲ, ಅಲ್ವಾ? ಹಾಗಂತ ಜಾರಿದ್ದನ್ನು ನೋಡಿಯೂ ನೋಡದಂತೆ ಇರಬೇಕಿಲ್ಲ. ಮತ್ತೆ ಕುಡಿದು ಬಂದರೆ ಮೆಷಿನ್‌ನಿಂದ ಇಳಿಸಿ, ಮತ್ತೆ ಚಿಕಿತ್ಸೆಗೆ ಕಳಿಸಿ. ಎಷ್ಟು ಅವಕಾಶ, ಎಷ್ಟು ದಿನ, ಒಪ್ಪದಿದ್ದರೆ ಏನು, ಇದನ್ನೆಲ್ಲ ಮೊದಲೇ ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಚಿಕಿತ್ಸೆಗೆ ಹೋಗಲ್ಲ, ಮೆಷಿನ್ ಬಿಡಲ್ಲ ಅಂತ ಕೊನೆಗೂ ಹಠ ಹಿಡಿದರೆ ಶಿಸ್ತಿನ ದಾರಿ ಇದ್ದೇ ಇದೆ. ಅಲ್ಲಿ ನಾನು ನಿಮ್ಮ ಮ್ಯಾನೇಜ್‌ಮೆಂಟ್ ಕಡೆಗೇ ನಿಲ್ಲುತ್ತೇನೆ. ಪಕ್ಕದ ಹುಡುಗನಿಗೂ ಹತ್ತು ಬೆರಳು ಬೇಕು.

ಪ್ಯಾಕಿಂಗ್ ಹುಡುಗರದ್ದು ಬೇರೆ ಕಥೆ. ಎಲ್ಲರಿಗೂ ಮೂತ್ರ ಪರೀಕ್ಷೆ ಅನ್ನುವುದು ಕೇಳಲು ಗಟ್ಟಿ ಕ್ರಮದ ಹಾಗಿದೆ. ಆದರೆ ಗಾಂಜಾದ ಅಂಶ, ದಿನಾ ಸೇದುವವರ ಮೂತ್ರದಲ್ಲಿ ನಿಲ್ಲಿಸಿದ ವಾರಗಳ ನಂತರವೂ ಸಿಗುತ್ತದೆ. ಅಂದರೆ ಪಾಸಿಟಿವ್ ಬಂದವನು ಇವತ್ತು ನಶೆಯಲ್ಲಿದ್ದಾನೆ ಅಂತ ಅರ್ಥವಲ್ಲ. ರಾತ್ರಿ ಕುಡಿದ ಮದ್ಯ ಮಾತ್ರ ಬೇಗ ಮಾಯ. ಹಾಗಾಗಿ ಹತ್ತು ದಿನದ ಹಿಂದೆ ಸೇದಿದವನು ಸಿಕ್ಕಿಬೀಳುತ್ತಾನೆ, ನಿನ್ನೆ ಕುಡಿದು ಇವತ್ತು ತಲೆ ಹಿಡಿದುಕೊಂಡು ಫೋರ್ಕ್‌ಲಿಫ್ಟ್ ಓಡಿಸುವವನು ಪಾಸಾಗುತ್ತಾನೆ. ಸ್ಟ್ರಿಪ್ ಪರೀಕ್ಷೆಗಳು ತಪ್ಪೂ ಹೇಳುತ್ತವೆ. ಮೂಗು ಕಟ್ಟಿದಾಗ ನುಂಗುವ ಕೆಲವು ಮಾತ್ರೆಗಳು ಆಂಫೆಟಮಿನ್ ಅನ್ನುವ ನಿದ್ದೆಗೆಡಿಸುವ ಮಾದಕ ವಸ್ತು ಅಂತ ತೋರಿಸಬಹುದು, ಗಸಗಸೆ ತಿಂದದ್ದು ಅಫೀಮಿನ ಹಾಗೆ ಕಾಣಬಹುದು. ಲ್ಯಾಬ್‌ನಲ್ಲಿ ಎರಡನೇ ಬಾರಿ ಖಚಿತ ಮಾಡಿಕೊಳ್ಳದೆ ಯಾರ ಮೇಲೂ ಕ್ರಮ ಬೇಡ.

ಪರೀಕ್ಷೆಯೇ ಬೇಡ ಅನ್ನುವ ಪಂಗಡಕ್ಕೂ ನಾನು ಸೇರಿಲ್ಲ. 1987ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಸಿಗ್ನಲ್ ದಾಟಿ ಬಂದ ಎಂಜಿನ್‌ಗಳಿಗೆ ಪ್ಯಾಸೆಂಜರ್ ರೈಲು ಗುದ್ದಿ 16 ಜನ ಸತ್ತರು. ಆ ಎಂಜಿನ್‌ಗಳ ಸಿಬ್ಬಂದಿ ಗಾಂಜಾ ಸೇದಿದ್ದರು. 1991ರಲ್ಲಿ ಅಲ್ಲಿ ಸಾರಿಗೆ ಕೆಲಸಗಾರರ ಪರೀಕ್ಷೆಗೆ ಕಾನೂನು ಬಂದದ್ದರ ಹಿಂದೆ ಆ ಅಪಘಾತವೂ ಇತ್ತು. ಒಬ್ಬರ ತಪ್ಪಿಗೆ ಇನ್ನೊಬ್ಬರ ಜೀವ ಹೋಗುವ ಕೆಲಸಗಳಲ್ಲಿ, ಅಪಘಾತವಾದ ಮೇಲೆ, ಕಣ್ಣಿಗೆ ಕಾಣುವ ಕಾರಣವಿದ್ದಾಗ ಪರೀಕ್ಷೆಗೆ ಅರ್ಥವಿದೆ. ಮೊದಲೇ ಎಲ್ಲರಿಗೂ ತಿಳಿಸಿ, ಮೇಲಿನಿಂದ ಕೆಳಗಿನವರೆಗೆ ಒಂದೇ ನಿಯಮ ಮಾಡಿ ನಡೆಸಬೇಕು. ಪ್ಯಾಕಿಂಗ್ ಹುಡುಗನ ಮೂತ್ರ ತೆಗೆದುಕೊಂಡು, ವರ್ಷದ ಪಾರ್ಟಿಯಲ್ಲಿ ಮ್ಯಾನೇಜರ್‌ಗಳೇ ಗ್ಲಾಸ್ ಹಿಡಿದು ನಿಂತರೆ ಆ ನಿಯಮದ ಬೆಲೆ ಏನು ಅಂತ ಹುಡುಗರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಹುಡುಗರ ವಿಷಯದಲ್ಲಿ ನೀವು ಮೊದಲು ತೆಗೆದು ನೋಡಬೇಕಾದದ್ದು ಶಿಫ್ಟ್ ಚಾರ್ಟ್. ನಿದ್ದೆ ಬರದಿರಲಿ ಅಂತ ಮಾತ್ರೆ ನುಂಗುತ್ತಾರೆ ಅಂದರೆ ನಿದ್ದೆ ಬರುತ್ತಿದೆ ಅಂತ ಅರ್ಥ. ಒಬ್ಬೊಬ್ಬರು ವಾರಕ್ಕೆ ಎಷ್ಟು ಓಟಿ ಮಾಡುತ್ತಿದ್ದಾರೆ? ಡಬಲ್ ಶಿಫ್ಟ್ ಎಷ್ಟು? 1997ರ ಒಂದು ಪ್ರಯೋಗದಲ್ಲಿ 17 ಗಂಟೆ ಎಚ್ಚರವಿದ್ದವರ ಕೈಚಳಕ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವರಷ್ಟೇ ಕೆಟ್ಟಿತ್ತು, 24 ಗಂಟೆಗೆ ಅದು 100ರ ಮಟ್ಟಕ್ಕೆ ಹೋಯಿತು. ಅಂದರೆ ಏನೂ ಕುಡಿಯದೆಯೇ ನಿಮ್ಮ ಡಬಲ್ ಶಿಫ್ಟ್‌ನವರು ಆ ಸ್ಥಿತಿಯಲ್ಲಿ ಇರಬಹುದು. 14 ದೇಶಗಳ ಮಾಹಿತಿ ಸೇರಿಸಿ 2015ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ವಾರಕ್ಕೆ 48 ಗಂಟೆಗಿಂತ ಜಾಸ್ತಿ ದುಡಿಯುವವರು ಹೊಸದಾಗಿ ಅಪಾಯದ ಮಟ್ಟದ ಕುಡಿತಕ್ಕೆ ಬೀಳುವ ಸಾಧ್ಯತೆ ಸುಮಾರು 12% ಹೆಚ್ಚು. ದೊಡ್ಡ ಅಂಕಿ ಅಲ್ಲ. ಆದರೆ ಅದನ್ನು ಇಳಿಸುವುದು ನಿಮ್ಮ ಕೈಯಲ್ಲಿದೆ.

ಮೈಕೈ ನೋವಿನ ಮಾತ್ರೆ ಯಾವುದು ಅಂತ ಮೆಲ್ಲಗೆ ವಿಚಾರಿಸಿ. ಟ್ರಮಡಾಲ್ ಆಗಿದ್ದರೆ ಹುಷಾರು. ಅದು ಅಫೀಮಿನ ಬಳಗದ್ದು, ಜಾಸ್ತಿ ನುಂಗಿದರೆ ಫಿಟ್ಸ್ ಬರಬಹುದು, ರೂಢಿಯೂ ಆಗುತ್ತದೆ. ಭಾರ ಎತ್ತುವ ಕೆಲಸದಲ್ಲಿ ಇದು ಹರಡುವುದು ಒಬ್ಬ ಇನ್ನೊಬ್ಬನಿಗೆ 'ಇದು ಹಾಕ್ಕೋ, ನೋವೇ ಗೊತ್ತಾಗಲ್ಲ' ಅಂತ ಕೊಡುವುದರಿಂದ. ಟ್ರಾಲಿ ಎತ್ತರ ಸರಿ ಮಾಡಿದರೆ, ಭಾರ ಎತ್ತಲು ಇಬ್ಬರನ್ನು ಹಾಕಿದರೆ ಆ ಮಾತ್ರೆಯ ಗಿರಾಕಿಗಳೇ ಕಡಿಮೆಯಾಗುತ್ತಾರೆ.

ಕೊನೆಗೆ ನಿಮ್ಮ ಹಿರಿಯರ ಕಡೆಗೇ ಬರುತ್ತೇನೆ. ಮಾತುಕತೆ ಯಾವಾಗ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಬೆಳಿಗ್ಗೆ ನಡುಗುವಾಗ ಬೇಡ, ಅವರಿಗೆ ನಿಮ್ಮ ಒಂದು ಮಾತೂ ಕಿವಿಗೆ ಹೋಗುವುದಿಲ್ಲ. ಶಿಫ್ಟ್ ಮುಗಿಯುವ ಒಂದು ಗಂಟೆ ಮುಂಚೆ, ಬಾಗಿಲು ಹಾಕಿದ ಕೋಣೆಯಲ್ಲಿ, ನೀವು ಮತ್ತು ಎಚ್‌ಆರ್‌ನಿಂದ ಒಬ್ಬರು, ಅಷ್ಟೇ ಸಾಕು. ಆ ರಾತ್ರಿ ಕುಡಿತ ಬಿಟ್ಟುಬಿಡಿ ಅಂತ ಹೇಳಬೇಡಿ. ಡಾಕ್ಟ್ರನ್ನು ನೋಡುವ ತನಕ ಒಮ್ಮೆಲೇ ನಿಲ್ಲಿಸಬೇಡಿ ಅಂತಲೇ ಹೇಳಬೇಕು, ವಿಚಿತ್ರ ಅನಿಸಿದರೂ. ಮರುದಿನ 10 ಗಂಟೆಗೆ ಒಬ್ಬರನ್ನೇ ಕಳಿಸಬೇಡಿ, ನೀವೇ ಜೊತೆಗೆ ಹೋಗಿ. ಕಾಯುವ ಬೆಂಚಿನ ಮೇಲೆ ಅವರ ಕೈ ನಡುಗಲು ಶುರುವಾಗಬಹುದು, ಎದ್ದು ಹೊರಟುಬಿಡೋಣ ಅಂತ ಅವರಿಗೆ ಅನಿಸುವುದು ಆಗಲೇ. ಕೌಂಟರ್‌ಗೆ ಹೋಗಿ, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ ಅಂತ ತಿಳಿಸಿ, ಬೇಗ ನೋಡಲು ಕೇಳಿಕೊಳ್ಳಿ. ಅಷ್ಟು ಹೇಳಿದರೆ ಒಳಗಿರುವ ವೈದ್ಯರಿಗೆ ಅರ್ಥವಾಗುತ್ತದೆ.